ಅಪರಿಚಿತರ ಕೈಗೆ ಪರೀಕ್ಷೆಯ ಕೀಲಿ

ಕಾಗುಣಿತದ ಒಂದು ತಪ್ಪನ್ನು ತಿದ್ದಿಕೊಟ್ಟ ದಾರಿಹೋಕನಿಗೆ ಮನೆಯ ಕೀಲಿಗೊಂಚಲನ್ನು ಒಪ್ಪಿಸುವವರು ಯಾರೂ ಇರಲಾರರು. ಆದರೆ 2023ರಲ್ಲಿ ತಂತ್ರಾಂಶ ಲೋಕದಲ್ಲಿ ಸರಿಸುಮಾರು ಅಂತಹುದೇ ಪ್ರಸಂಗವೊಂದು ನಡೆಯಿತು. ಪೈಟಾರ್ಚ್ ಎಂಬುದು ಕೃತಕ ಬುದ್ಧಿಮತ್ತೆಯ ಸಂಶೋಧನೆಯಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ. ಈಗ ಮೆಟಾ ಎನಿಸಿಕೊಂಡಿರುವ ಕಂಪನಿಯಲ್ಲಿ ಹುಟ್ಟಿ, 2022ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದದ್ದು. ಇಬ್ಬರು ಭದ್ರತಾ ಸಂಶೋಧಕರು ಅದರ ವಿವರಣಾ ಕಡತವೊಂದರಲ್ಲಿದ್ದ ಅಕ್ಷರದೋಷವನ್ನು ತಿದ್ದಿ ಕಳುಹಿಸಿದರು. ತಿದ್ದುಪಡಿ ಸ್ವೀಕಾರವಾಯಿತು. ಆ ಕ್ಷಣದಿಂದ ವ್ಯವಸ್ಥೆಯ ಕಣ್ಣಿನಲ್ಲಿ ಅವರು ಅಪರಿಚಿತರಾಗಿ ಉಳಿಯಲಿಲ್ಲ, 'ಕೊಡುಗೆದಾರ'ರಾದರು. ಮುಂದಿನ ಸಲ ಅವರು ಕಳುಹಿಸಿದ ಕೋಡ್ ಯಾವ ಮನುಷ್ಯನ ಅಪ್ಪಣೆಗೂ ಕಾಯದೆ ಯೋಜನೆಯ ಸ್ವಂತ ಪರೀಕ್ಷಾ ಯಂತ್ರಗಳ ಮೇಲೆ ಓಡಿತು. ಅಲ್ಲಿಂದ ಅವರು ಯೋಜನೆಯ ರಹಸ್ಯ ಕೀಲಿಗಳವರೆಗೂ ತಲುಪಿದರು. ಪುಣ್ಯಕ್ಕೆ ಅವರು ಸಜ್ಜನರು. ಲೋಪವನ್ನು ಮೊದಲು ಸಂಸ್ಥೆಗೆ ತಿಳಿಸಿ, ಅದನ್ನು ಮುಚ್ಚಿದ ಮೇಲೆ, 2024ರ ಜನವರಿಯಲ್ಲಿ ಕಥೆಯನ್ನು ಬಹಿರಂಗಪಡಿಸಿದರು.

ಇದನ್ನು ಓದುವ ಸಾಮಾನ್ಯ ಓದುಗರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಯಾರೋ ಕಳುಹಿಸಿದ ಕೋಡನ್ನು ಇನ್ಯಾರದೋ ಯಂತ್ರದ ಮೇಲೆ ಏಕೆ ಓಡಿಸಬೇಕು? ಓದಿ ನೋಡಿದರೆ ಸಾಲದೇ?

ಸಾಲದು. ನಿಮ್ಮ ಮೊಬೈಲಿನಲ್ಲಿ 'ಸಾಮರ್ಥ್ಯ' ಎಂಬ ಪದ ಕಾಣಿಸಿಕೊಂಡಾಗ ಅರ್ಕಾವತ್ತೂ ಒತ್ತಕ್ಷರಗಳೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿರುತ್ತವೆ. ಆ ಜೋಡಣೆಯನ್ನು ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲವೂ ಅದನ್ನು ನೆಚ್ಚಿಕೊಂಡಿವೆ. ಅರಬ್ಬಿ ಲಿಪಿಗಾಗಿ ಯಾರೋ ಒಂದು ಸಾಲನ್ನು ಬದಲಿಸಿದರೆ ಕನ್ನಡದ ಒತ್ತಕ್ಷರ ಜಾರಿ ಬೀಳಲು ಎಷ್ಟು ಹೊತ್ತು? ಸಾವಿರಾರು ಸಾಲುಗಳ ಕೋಡನ್ನು ಕಣ್ಣಿನಿಂದ ಓದಿ ಇದನ್ನು ಪತ್ತೆ ಹಚ್ಚುವುದು ಅಸಾಧ್ಯ. ಆದ್ದರಿಂದ ಆ ಯೋಜನೆಯ ಪರೀಕ್ಷಾ ಕಡತಗಳಲ್ಲಿ ಹಲವು ಲಿಪಿಗಳ ಪದಗಳಿವೆ, ಕನ್ನಡದ ಪದಗಳೂ ಇವೆ. ಹೊಸ ಬದಲಾವಣೆ ಬಂದೊಡನೆ ಯಂತ್ರವೊಂದು ಆ ಪದಗಳನ್ನೆಲ್ಲ ಜೋಡಿಸಿ ನೋಡಿ, ಫಲಿತಾಂಶ ಮೊದಲಿನಂತೆಯೇ ಇದೆಯೇ ಎಂದು ತಾಳೆ ಹಾಕುತ್ತದೆ. ಇದೇ ಸ್ವಯಂಚಾಲಿತ ಪರೀಕ್ಷೆ. ಇದಿಲ್ಲದೆ, ಒಬ್ಬರನ್ನೊಬ್ಬರು ಕಂಡರಿಯದ ಸಾವಿರಾರು ಜನ ಸೇರಿ ಒಂದೇ ತಂತ್ರಾಂಶವನ್ನು ಕಟ್ಟುವುದು ಇಂದು ಕನಸಿನ ಮಾತು.

ತೊಡಕಿರುವುದೂ ಇಲ್ಲಿಯೇ. ಉತ್ತರಪತ್ರಿಕೆಯನ್ನು ತಿದ್ದುವ ಅಧ್ಯಾಪಕರು ಅದರಲ್ಲಿ ಬರೆದದ್ದನ್ನು ಓದಿದರೆ ಸಾಕು, ಬರೆದಂತೆ ನಡೆಯಬೇಕಾಗಿಲ್ಲ. ಕಂಪ್ಯೂಟರಿಗೆ ಆ ಸವಲತ್ತಿಲ್ಲ. ಕೋಡನ್ನು ಪರೀಕ್ಷಿಸುವುದೆಂದರೆ ಅದನ್ನು ಓಡಿಸುವುದು. ಓಡಿಸುವುದೆಂದರೆ ಅದು ಹೇಳಿದಂತೆ ಕೇಳುವುದು. ಪರೀಕ್ಷೆಗೆಂದು ಬಂದ ಕೋಡು 'ಈ ಯಂತ್ರದಲ್ಲಿರುವ ಗುಪ್ತಪದಗಳನ್ನೆಲ್ಲ ಇಂತಹ ವಿಳಾಸಕ್ಕೆ ಕಳುಹಿಸು' ಎಂದು ಬರೆದುಕೊಂಡು ಬಂದಿದ್ದರೆ, ಯಂತ್ರ ವಿಧೇಯವಾಗಿ ಕಳುಹಿಸುತ್ತದೆ. ಹಾಗಾದರೆ ಯಾರ ಕೋಡು ತಾನಾಗಿ ಓಡಬೇಕು, ಯಾರದು ಅಪ್ಪಣೆಗಾಗಿ ಕಾಯಬೇಕು, ಆ ಅಪ್ಪಣೆ ಕೊಡುವವರು ಯಾರು? ಇದು ತಂತ್ರಜ್ಞರ ಒಳಮನೆಯ ಚರ್ಚೆಯಂತೆ ತೋರಬಹುದು. ಆದರೆ ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳ ಯಂತ್ರಗಳೆಲ್ಲ ಇಂದು ಇಂತಹ ತಂತ್ರಾಂಶಗಳ ಮೇಲೆಯೇ ನಡೆಯುತ್ತಿರುವಾಗ ಇದನ್ನು ಅವರ ಪಾಲಿಗೇ ಬಿಟ್ಟು ಸುಮ್ಮನಿರುವಂತಿಲ್ಲ.

ಮೊದಮೊದಲು ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. 2011ರಲ್ಲಿ ಆರಂಭವಾದ ಟ್ರಾವಿಸ್ ಸಿಐ ಮುಕ್ತ ತಂತ್ರಾಂಶ ಯೋಜನೆಗಳಿಗೆ ಪರೀಕ್ಷಾ ಯಂತ್ರಗಳನ್ನು ಉಚಿತವಾಗಿ ಒದಗಿಸಿತು. 2019ರ ನವೆಂಬರಿನಲ್ಲಿ ಗಿಟ್‌ಹಬ್ ತನ್ನದೇ 'ಆಕ್ಷನ್ಸ್' ಸೇವೆಯನ್ನು ಎಲ್ಲರಿಗೂ ತೆರೆಯಿತು. ಅನ್ನಛತ್ರ ತೆರೆದರೆ ಹಸಿದವರ ಜೊತೆ ಮೂಟೆ ಹೊರುವವರೂ ಬರುತ್ತಾರೆ. ಬಂದರು. ಯಾವುದೋ ಯೋಜನೆಯ ನಕಲನ್ನು ತೆಗೆದು, ಅದರ ಪರೀಕ್ಷೆಯ ಸೂಚನೆಯೊಳಗೆ ಕ್ರಿಪ್ಟೊ ನಾಣ್ಯಗಳನ್ನು ಉತ್ಪಾದಿಸುವ ಕೋಡನ್ನು ತುರುಕಿ, 'ದಯವಿಟ್ಟು ಸೇರಿಸಿಕೊಳ್ಳಿ' ಎಂಬ ಕೋರಿಕೆ ಸಲ್ಲಿಸಿದರೆ ಮುಗಿಯಿತು. ಕೋರಿಕೆಯನ್ನು ಯಾರೂ ಒಪ್ಪಬೇಕಾಗಿರಲಿಲ್ಲ. ಅದನ್ನು ಪರೀಕ್ಷಿಸಲೆಂದು ಯಂತ್ರ ಚಾಲೂ ಆದರೆ ಸಾಕು, ಇನ್ನೊಬ್ಬರ ವಿದ್ಯುತ್ತಿನಲ್ಲಿ ಇವರ ನಾಣ್ಯ ಬೇಯುತ್ತಿತ್ತು. ಟ್ರಾವಿಸ್ 2020ರ ಕೊನೆಯಲ್ಲಿಯೇ ಉಚಿತ ಸೇವೆಗೆ ಕಡಿವಾಣ ಹಾಕಿತು. ಗಿಟ್‌ಹಬ್ 2021ರ ಏಪ್ರಿಲಿನಲ್ಲಿ ಹೊಸ ನಿಯಮ ತಂದಿತು: ಒಂದು ಯೋಜನೆಗೆ ಮೊದಲ ಬಾರಿ ಕೊಡುಗೆ ನೀಡುವವರ ಕೋಡು, ಆ ಯೋಜನೆಯ ನಿರ್ವಾಹಕರು ಗುಂಡಿ ಒತ್ತಿ ಸಮ್ಮತಿಸಿದ ಮೇಲೆಯೇ ಪರೀಕ್ಷೆಗೆ ಓಡುತ್ತದೆ.

ನಿಯಮ ಸರಿಯಾದದ್ದೇ. ಆದರೆ ಅದು ತಡೆಯಲು ಹೊರಟದ್ದು ಯಂತ್ರದ ಪುಕ್ಕಟೆ ಬಳಕೆಯನ್ನು. ಅದನ್ನೇ ಕಳ್ಳತನದ ವಿರುದ್ಧದ ಕಾವಲೆಂದು ನಂಬಿಕೊಂಡವರಿಗೆ ಪೈಟಾರ್ಚ್‌ನ ಪ್ರಸಂಗ ಉತ್ತರ ಹೇಳಿತು. 'ಮೊದಲ ಬಾರಿಗೆ ಬಂದವನು' ಎಂಬ ಹಣೆಪಟ್ಟಿಯನ್ನು ಅಳಿಸಿಕೊಳ್ಳಲು ಒಂದು ಅಲ್ಪವಿರಾಮ ಸರಿಪಡಿಸಿದರೆ ಸಾಕೆಂದಾದರೆ, ಆ ಪಟ್ಟಿಯ ಬೆಲೆಯೂ ಅಲ್ಪವಿರಾಮದಷ್ಟೇ.

ಯಂತ್ರದ ಕಳ್ಳತನಕ್ಕಿಂತ ದೊಡ್ಡದು ಕೀಲಿಯ ಕಳ್ಳತನ. ಪರೀಕ್ಷೆ ಮುಗಿದ ಮೇಲೆ ಹೊಸ ಆವೃತ್ತಿಯನ್ನು ಸಿದ್ಧಪಡಿಸಿ ಜಗತ್ತಿಗೆ ಬಿಡುಗಡೆ ಮಾಡುವ ಕೆಲಸವನ್ನೂ ಅದೇ ಸ್ವಯಂಚಾಲಿತ ವ್ಯವಸ್ಥೆಗೆ ಒಪ್ಪಿಸುವುದು ಈಗಿನ ರೂಢಿ. ಹಾಗಾಗಿ ಬಿಡುಗಡೆಗೆ ಬೇಕಾದ ಗುಪ್ತಪದಗಳೂ ಅಲ್ಲಿಯೇ ಇರುತ್ತವೆ. ಹೊರಗಿನವರ ಕೋಡು ಓಡುವಾಗ ಈ ಕೀಲಿಗಳು ಅದರ ಕಣ್ಣಿಗೆ ಬೀಳಬಾರದು ಎಂಬುದು ಮೂಲ ನಿಯಮ. 2021ರ ಸೆಪ್ಟೆಂಬರ್ 3ರಿಂದ 10ರವರೆಗೆ ಟ್ರಾವಿಸ್‌ನಲ್ಲಿ ಈ ನಿಯಮವೇ ಮುರಿದಿತ್ತು. ಸಾರ್ವಜನಿಕ ಯೋಜನೆಗಳ ಗುಪ್ತಪದಗಳು ಹೊರಗಿನವರ ಪರೀಕ್ಷೆಗಳಿಗೂ ದಕ್ಕುವ ಸ್ಥಿತಿಯಲ್ಲಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಗಿಟ್‌ಹಬ್‌ನಲ್ಲಿ ಮೂಲ ನಿಯಮ ಬಿಗಿಯಾಗಿಯೇ ಇತ್ತು. ಹೊರಗಿನವರ ಕೋರಿಕೆಯ ಪರೀಕ್ಷೆಗೆ ಕೀಲಿಗಳು ಸಿಗುವುದಿಲ್ಲ, ಬರೆಯುವ ಅಧಿಕಾರವೂ ಸಿಗುವುದಿಲ್ಲ. ಆದರೆ ನಿರ್ವಾಹಕರಿಗೆ ಸಣ್ಣಪುಟ್ಟ ಅನುಕೂಲ ಬೇಕಿತ್ತು: ಬಂದ ಕೋರಿಕೆಗೆ ತಾನಾಗಿ ಒಂದು ಚೀಟಿ ಅಂಟಿಸುವುದು, 'ಸ್ವಾಗತ' ಎಂಬ ಟಿಪ್ಪಣಿ ಬರೆಯುವುದು, ಇತ್ಯಾದಿ. ಇದಕ್ಕೆಂದು 2020ರ ಆಗಸ್ಟಿನಲ್ಲಿ 'ಪುಲ್ ರಿಕ್ವೆಸ್ಟ್ ಟಾರ್ಗೆಟ್' ಎಂಬ ಎರಡನೆಯ ಬಾಗಿಲನ್ನು ತೆರೆಯಲಾಯಿತು. ಈ ಬಾಗಿಲಿನಿಂದ ಬಂದ ಕೆಲಸಕ್ಕೆ ಕೀಲಿಗಳು ಲಭ್ಯ. ಆದರೆ ಇಲ್ಲಿ ಹೊರಗಿನವರ ಕೋಡನ್ನು ಮಾತ್ರ ಓಡಿಸಕೂಡದು ಎಂಬುದು ಷರತ್ತು. ಷರತ್ತನ್ನು ಓದದವರು, ಓದಿಯೂ ಅವಸರದಲ್ಲಿದ್ದವರು, ಇದೇ ಬಾಗಿಲಿನಿಂದ ಪರೀಕ್ಷೆಗಳನ್ನೂ ಓಡಿಸತೊಡಗಿದರು.

ಓಡಿಸದೆಯೂ ಅಪಾಯ ತಪ್ಪಿದ್ದಲ್ಲ. 2024ರ ಡಿಸೆಂಬರಿನಲ್ಲಿ, ಚಿತ್ರಗಳಲ್ಲಿನ ವಸ್ತುಗಳನ್ನು ಗುರುತಿಸುವ ಅಲ್ಟ್ರಾಲಿಟಿಕ್ಸ್ ಎಂಬ ತಂತ್ರಾಂಶದ ಮೇಲೆ ನಡೆದ ದಾಳಿಯಲ್ಲಿ ಆಯುಧವಾದದ್ದು ಕೋರಿಕೆಯ ಶಾಖೆಗೆ ಇಟ್ಟ ಹೆಸರು. ಹೌದು, ಬರೀ ಹೆಸರು. ಆ ಹೆಸರಿನೊಳಗೇ ಆಜ್ಞೆಯೊಂದನ್ನು ಅಡಗಿಸಲಾಗಿತ್ತು. ಹೆಸರನ್ನು ಓದಲು ಹೋದ ಯಂತ್ರ ಅದನ್ನು ಆಜ್ಞೆಯೆಂದೇ ಪಾಲಿಸಿತು. ಪರಿಣಾಮವಾಗಿ ನಾಣ್ಯ ಉತ್ಪಾದಿಸುವ ಕೋಡು ತುಂಬಿದ ಆವೃತ್ತಿಗಳು ಅಧಿಕೃತವಾಗಿಯೇ ಬಿಡುಗಡೆಯಾದವು. 2025ರ ಆಗಸ್ಟಿನಲ್ಲಿ ಎನ್‌ಎಕ್ಸ್ ಎಂಬ ಇನ್ನೊಂದು ಯೋಜನೆಯಲ್ಲಿ ಇದೇ ತಂತ್ರ ಕೋರಿಕೆಯ ಶೀರ್ಷಿಕೆಯ ಮೂಲಕ ನಡೆಯಿತು. ಅಲ್ಲಿ ನಿರ್ವಾಹಕರು ಲೋಪವನ್ನು ಮುಖ್ಯ ಶಾಖೆಯಿಂದ ತೆಗೆದುಹಾಕಿದ್ದರು; ಯಾರೂ ನೋಡದ ಹಳೆಯ ಶಾಖೆಯೊಂದರಲ್ಲಿ ಅದು ಉಳಿದುಕೊಂಡಿತ್ತು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚಿನಲ್ಲಿ, 23,000ಕ್ಕೂ ಹೆಚ್ಚು ಯೋಜನೆಗಳು ತಮ್ಮ ಪರೀಕ್ಷೆಗಳಲ್ಲಿ ಬಳಸುತ್ತಿದ್ದ 'ಟಿಜೆ-ಆಕ್ಷನ್ಸ್' ಗುಂಪಿನ ಸಣ್ಣ ಉಪಕರಣವೊಂದು ದಾಳಿಕೋರರ ವಶವಾಗಿ, ಗುಪ್ತಪದಗಳನ್ನು ಪರೀಕ್ಷೆಯ ದಾಖಲೆಯಲ್ಲೇ ಮುದ್ರಿಸತೊಡಗಿತ್ತು. ಸಾರ್ವಜನಿಕ ಯೋಜನೆಗಳಲ್ಲಿ ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದು.

ಇಷ್ಟೆಲ್ಲ ಕೇಳಿದ ಮೇಲೆ, 'ಗುರುತು ಪರಿಚಯ ಇಲ್ಲದವರನ್ನು ಹೊರಗೇ ನಿಲ್ಲಿಸಿ' ಎನ್ನುವವರು ಇದ್ದಾರೆ. ನನ್ನ ಸಹೋದ್ಯೋಗಿಗಳಲ್ಲೇ ಅಂತಹವರಿದ್ದಾರೆ. ಅವರಿಗೆ ನಾನು ಹೇಳುವುದು ಎಕ್ಸ್‌ಝಡ್‌ನ ಕಥೆಯನ್ನು. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಲಿನಕ್ಸ್ ಇರುವಲ್ಲೆಲ್ಲ ಇದೆ. ಸಂಬಳವಿಲ್ಲದೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಈ ಯೋಜನೆಗೆ 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ 2021ರಿಂದ ಸಹಾಯ ಮಾಡುತ್ತ ಬಂದರು. ವಿನಯ, ಶ್ರದ್ಧೆ, ಸಮಯಪಾಲನೆ ಎಲ್ಲವೂ ಇತ್ತು. ಕ್ರಮೇಣ ಸಹ ನಿರ್ವಾಹಕರೂ ಆದರು. 2024ರಲ್ಲಿ ಆ ಹೆಸರಿನ ಖಾತೆಯಿಂದಲೇ ತಂತ್ರಾಂಶದೊಳಗೆ ಹಿಂಬಾಗಿಲೊಂದು ಸೇರಿಕೊಂಡಿತು. ಅದನ್ನು ಬಚ್ಚಿಟ್ಟ ಜಾಗವಾದರೂ ಯಾವುದು? ಪರೀಕ್ಷೆಗೆಂದು ಇಡುವ ಕಡತಗಳು! ಕೆಟ್ಟುಹೋದ ಕಡತವನ್ನು ತಂತ್ರಾಂಶ ಹೇಗೆ ನಿಭಾಯಿಸುತ್ತದೆಂದು ನೋಡಲು ಬೇಕೆಂದೇ ಕೆಡಿಸಿದ ಕಡತಗಳನ್ನು ಇಡುವುದುಂಟು. ಅದರೊಳಗೆ ಏನಿದೆಯೆಂದು ಯಾರೂ ಬಿಡಿಸಿ ನೋಡುವುದಿಲ್ಲ. ಅಷ್ಟೇ ಅಲ್ಲ, ಗೂಗಲ್ ನಡೆಸುವ ಓಎಸ್‌ಎಸ್-ಫಝ್ ಎಂಬ ಸ್ವಯಂಚಾಲಿತ ಪರೀಕ್ಷಾ ಸೇವೆಯಲ್ಲಿ ಎಕ್ಸ್‌ಝಡ್‌ನ ಒಂದು ತಾಂತ್ರಿಕ ಸೌಲಭ್ಯವನ್ನು ಪರೀಕ್ಷೆಯ ವೇಳೆ ಆರಿಸಿಡಬೇಕೆಂದು 2023ರಲ್ಲೇ ಅದೇ ಹೆಸರಿನವರು ಕೋರಿದ್ದರು, ಅದು ಒಪ್ಪಿಗೆಯೂ ಆಗಿತ್ತು. ಮುಂದೆ ಹಿಂಬಾಗಿಲು ನೆಲೆಯೂರಿದ್ದು ಆ ಸೌಲಭ್ಯದ ಮೇಲೆಯೇ.

ಇದು ಬಯಲಾದದ್ದು ಯಾವ ಅನುಮತಿ ಪದ್ಧತಿಯಿಂದಲೂ ಅಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯದ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯ್ಂಡ್ ಅವರು ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದನ್ನು ಗಮನಿಸಿ, ಅದರ ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಅರ್ಧ ಸೆಕೆಂಡಿಗೆ ಕಿರಿಕಿರಿಗೊಳ್ಳುವ ಮನುಷ್ಯರು ನಮ್ಮ ನಡುವೆ ಇರುವುದು ನಮ್ಮ ಭಾಗ್ಯ.

ಅಂದಮೇಲೆ ಹೊಸಬರೆಲ್ಲ ಕಳ್ಳರೂ ಅಲ್ಲ, ಹಳಬರೆಲ್ಲ ಸಾಧುಗಳೂ ಅಲ್ಲ. ವ್ಯಕ್ತಿಯ ಮೇಲೆ ಹಣೆಪಟ್ಟಿ ಅಂಟಿಸಿ ಅದರ ಪ್ರಕಾರ ಬಾಗಿಲು ತೆರೆಯುವ ಕ್ರಮದಲ್ಲೇ ಏನೋ ಊನವಿದೆ ಎಂಬುದು ನನ್ನ ಭಾವನೆ.

ದೊಡ್ಡ ಯೋಜನೆಗಳು ಈ ಕ್ರಮವನ್ನು ಸಾಕಷ್ಟು ಶಿಸ್ತಿನಿಂದಲೇ ನಡೆಸುತ್ತಿವೆ ಎಂಬುದನ್ನು ಒಪ್ಪಬೇಕು. ಕುಬರ್ನೆಟಿಸ್ ಯೋಜನೆಯಲ್ಲಿ ಹೊರಗಿನವರ ಕೋರಿಕೆ ಬಂದರೆ ಅದಕ್ಕೆ 'ಪರೀಕ್ಷೆಗೆ ಒಪ್ಪಿಗೆ ಬೇಕು' ಎಂಬರ್ಥದ ಚೀಟಿ ಬೀಳುತ್ತದೆ. ಸದಸ್ಯರೊಬ್ಬರು ನೋಡಿ 'ಓಕೆ ಟು ಟೆಸ್ಟ್' ಎಂದು ಬರೆದ ಮೇಲೆ ಯಂತ್ರಗಳು ಕೆಲಸ ಶುರು ಮಾಡುತ್ತವೆ. ಸದಸ್ಯರಾಗಬೇಕಾದರೆ ಹಲವು ಕೊಡುಗೆ ನೀಡಿರಬೇಕು, ಇಬ್ಬರು ಪರಿಶೀಲಕರ ಬೆಂಬಲ ಬೇಕು, ಖಾತೆಗೆ ಎರಡು ಹಂತದ ಬೀಗ ಹಾಕಿರಬೇಕು. ಕನ್ನಡ ವಿಕಿಪೀಡಿಯವೂ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅದನ್ನು ಸಲಹುವ ವಿಕಿಮೀಡಿಯ ಸಂಸ್ಥೆ ನಂಬಿಕಸ್ಥರ ಮಿಂಚಂಚೆ ವಿಳಾಸಗಳ ಪಟ್ಟಿಯನ್ನೇ ತನ್ನ ಪರೀಕ್ಷಾ ವ್ಯವಸ್ಥೆಯಲ್ಲಿ ಇಟ್ಟುಕೊಂಡಿತ್ತು; ಪಟ್ಟಿಯ ಹೊರಗಿನವರ ಕೋಡಿಗೆ ನಿರಪಾಯಕಾರಿಯಾದ ಕೆಲವು ಪರೀಕ್ಷೆಗಳು ಮಾತ್ರ ನಡೆಯುತ್ತಿದ್ದವು.

ಆದರೆ ಒಪ್ಪಿಗೆ ಕೊಟ್ಟ ಮೇಲೆ ಏನಾಗುತ್ತದೆ ನೋಡಿ. ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಎರಡು ಮಹಡಿಗೆ ನಕ್ಷೆ ಮಂಜೂರು ಮಾಡಿಸಿಕೊಂಡು ನಾಲ್ಕು ಮಹಡಿ ಎಬ್ಬಿಸುವ ಕಲೆ ನಮಗೆ ಹೊಸದಲ್ಲ. ನಿರ್ವಾಹಕರು ಸೋಮವಾರ ನೋಡಿದ ಕೋಡು ಬೇರೆ, ಅವರು ಗುಂಡಿ ಒತ್ತುವ ಕ್ಷಣಕ್ಕೆ ಮುನ್ನ ಕೊಡುಗೆದಾರ ಸದ್ದಿಲ್ಲದೆ ಸೇರಿಸಿದ ಕೋಡು ಬೇರೆಯಾಗಿರಬಹುದು. ಒಮ್ಮೆ ಚೀಟಿ ಬಿದ್ದ ಕೋರಿಕೆಗೆ ಅನಂತರ ಸೇರಿಸಿದ್ದೆಲ್ಲವೂ ತಾನಾಗಿ ಪರೀಕ್ಷೆಯಾಗುವ ಏರ್ಪಾಡೂ ಇದೆ. ಅನುಮತಿ ಸಿಕ್ಕಬೇಕಾದದ್ದು ಕೋಡಿನ ನಿರ್ದಿಷ್ಟ ರೂಪವೊಂದಕ್ಕೆ, ಸಿಗುತ್ತಿರುವುದು ಮನುಷ್ಯನಿಗೆ.

ಇನ್ನೊಂದು ಮಗ್ಗುಲು ನಮ್ಮ ಹುಡುಗ ಹುಡುಗಿಯರದು. 2020ರ ಅಕ್ಟೋಬರಿನಲ್ಲಿ, ನಾಲ್ಕು ಕೊಡುಗೆ ನೀಡಿದವರಿಗೆ ಟೀ ಶರ್ಟ್ ಕೊಡುವ 'ಹ್ಯಾಕ್ಟೋಬರ್‌ಫೆಸ್ಟ್' ಅಭಿಯಾನದಲ್ಲಿ ಯೋಜನೆಗಳ ಮೇಲೆ ಅರ್ಥಹೀನ ಕೋರಿಕೆಗಳ ಮಳೆ ಸುರಿಯಿತು. ಆಯೋಜಕರು ಮೊದಲ ವಾರದಲ್ಲೇ ನಿಯಮ ಬದಲಿಸಿ, ತಾವಾಗಿ ಸಮ್ಮತಿಸಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಯೋಜನೆಯ ಪರಿಚಯ ಕಡತಕ್ಕೆ ತಂತಮ್ಮ ಹೆಸರು ಸೇರಿಸುವ ಕೋರಿಕೆಗಳು ಸಾಲುಗಟ್ಟಿ ಬಂದವು. ಎರಡರ ಹಿಂದೆಯೂ ಭಾರತದ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಯೂಟ್ಯೂಬ್ ಪಾಠಗಳಿದ್ದವು. ಕೆಲಸಕ್ಕೆ ಅರ್ಜಿ ಹಾಕುವಾಗ ಮುಕ್ತ ತಂತ್ರಾಂಶದ ಕೊಡುಗೆ ತೋರಿಸಿ ಎಂದು ಕಾಲೇಜುಗಳೂ ಕಂಪನಿಗಳೂ ಹೇಳುತ್ತಿರುವಾಗ ಅಭ್ಯಾಸಕ್ಕೆಂದು ಕಂಡ ಬಾಗಿಲನ್ನೆಲ್ಲ ತಟ್ಟಿದ ಮಕ್ಕಳನ್ನು ಮಾತ್ರ ದೂರಿ ಫಲವೇನು? ಆದರೆ ಅದರ ಬೆಲೆ ತೆರುತ್ತಿರುವವರು ನಿಜವಾಗಿ ಕೆಲಸ ಮಾಡಬಲ್ಲ ಅವರದೇ ಓರಗೆಯವರು. ಭಾರತೀಯ ಹೆಸರಿನ ಹೊಸ ಖಾತೆಯಿಂದ ಬಂದ ಕೋರಿಕೆಯನ್ನು ತೆರೆಯುವ ಮುನ್ನವೇ ಹುಬ್ಬು ಗಂಟಿಕ್ಕುವ ನಿರ್ವಾಹಕರನ್ನು ನಾನು ಬಲ್ಲೆ. ನಾನೇ ಒಂದು ಯೋಜನೆಗೆ, ಹೆಸರು ಬೇಡ, ಕಳುಹಿಸಿದ ಹನ್ನೆರಡು ಸಾಲಿನ ತಿದ್ದುಪಡಿ ಪರೀಕ್ಷೆಯ ಅಪ್ಪಣೆಗಾಗಿಯೇ ಮೂರು ವಾರ ಕಾದು ಕುಳಿತಿತ್ತು. ಪರೀಕ್ಷೆ ನಡೆದದ್ದು ನಾಲ್ಕು ನಿಮಿಷ. ನನಗೆ ಉದ್ಯೋಗವಿದೆ, ಕಾಯಬಲ್ಲೆ. ಸೆಮಿಸ್ಟರಿನ ನಡುವಿನ ಹತ್ತು ದಿನದ ಬಿಡುವಿನಲ್ಲಿ ಕೈಯಿಟ್ಟ ವಿದ್ಯಾರ್ಥಿನಿ ಕಾಯಲಾರಳು. ಅವಳು ಇನ್ನೊಮ್ಮೆ ಆ ಬಾಗಿಲಿಗೆ ಬರುವುದೂ ಇಲ್ಲ.

ನಿರ್ವಾಹಕರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಗಲೆಲ್ಲ ದುಡಿದು ರಾತ್ರಿ ಹತ್ತಕ್ಕೆ ಯೋಜನೆಯ ಪುಟ ತೆರೆದರೆ ಇಪ್ಪತ್ತು ಕೋರಿಕೆಗಳು ಸಮ್ಮತಿಯ ಗುಂಡಿಗಾಗಿ ಕಾದಿರುತ್ತವೆ. ಇಪ್ಪತ್ತನ್ನೂ ಸಾಲು ಸಾಲಾಗಿ ಓದಿದ ಮೇಲೆಯೇ ಗುಂಡಿ ಒತ್ತುತ್ತೇನೆ ಎನ್ನುವವರಿದ್ದರೆ ಅವರಿಗೆ ನಮಸ್ಕಾರ. ಉಳಿದವರು ಕಣ್ಣಾಡಿಸಿ ಒತ್ತುತ್ತಾರೆ. ಈಗೀಗ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ, ನೋಡಲು ಬಲು ಅಚ್ಚುಕಟ್ಟಾದ ಕೋರಿಕೆಗಳೂ ಬರತೊಡಗಿವೆ.

ಆದ್ದರಿಂದ ನಾನು ವಾದಿಸುವುದಿಷ್ಟು. ಕೋಡನ್ನು ಓಡಿಸುವ ಅಧಿಕಾರ, ಕೀಲಿಯನ್ನು ಮುಟ್ಟುವ ಅಧಿಕಾರ, ಕೋಡನ್ನು ಸೇರಿಸಿಕೊಳ್ಳುವ ಅಧಿಕಾರ ಇವು ಮೂರೂ ಬೇರೆ ಬೇರೆ. ಒಂದಕ್ಕೆ ಸಿಕ್ಕ ಪರವಾನಗಿ ಮತ್ತೊಂದಕ್ಕೆ ಹರಿದುಹೋಗಕೂಡದು. ಒಮ್ಮೆ ಬಳಸಿ ಎಸೆಯುವ, ಒಳಗೆ ಯಾವ ಗುಟ್ಟೂ ಇಲ್ಲದ, ಸಮಯದ ಮಿತಿಯುಳ್ಳ ಯಂತ್ರದಲ್ಲಿ ಯಾರ ಕೋಡು ಬೇಕಾದರೂ ಓಡಲಿ. ಅಲ್ಲಿ ಕದಿಯಲು ಇರುವುದು ಹತ್ತು ನಿಮಿಷದ ವಿದ್ಯುತ್ತು ಮಾತ್ರ. ಅಂತಹ ಬರಿದಾದ ಕೋಣೆ ಇದ್ದಲ್ಲಿ ಹೊಸಬರನ್ನು ಮೂರು ವಾರ ಹೊಸ್ತಿಲಲ್ಲಿ ನಿಲ್ಲಿಸುವ ಅಗತ್ಯವೇ ಬೀಳದು. ಯೋಜನೆಯ ಸ್ವಂತ ಯಂತ್ರಗಳ ಮೇಲೆ, ದಿನಗಟ್ಟಲೆ ಆರದೆ ಉರಿಯುವ ಯಂತ್ರಗಳ ಮೇಲೆ, ಹೊರಗಿನವರ ಕೋಡು ಒಂದೂ ಓಡಬಾರದು; ಅವರು ಹತ್ತು ಸಲ ಬಂದವರಾದರೂ ಸರಿ. ಬಿಡುಗಡೆಯ ಕೀಲಿ ಪರೀಕ್ಷೆಯ ಮನೆಯಲ್ಲಿ ಇರಲೇಬಾರದು. ಹೊಸ ಯೋಜನೆಗಳಲ್ಲಿ ಪರೀಕ್ಷೆಗೆ ಸಿಗುವ ಅಧಿಕಾರ ಓದುವುದಕ್ಕಷ್ಟೇ ಸೀಮಿತವಾಗಿರಲಿ ಎಂದು ಗಿಟ್‌ಹಬ್ 2023ರ ಫೆಬ್ರುವರಿಯಲ್ಲಿ ಮಾಡಿದ ಬದಲಾವಣೆ ಸರಿಯಾದ ದಿಕ್ಕಿನದು. ಆದರೆ ಹಳೆಯ ಯೋಜನೆಗಳಿಗೆ ಅದು ತಾನಾಗಿ ಅನ್ವಯಿಸಲಿಲ್ಲ. ಅಲ್ಲಿ ನಿರ್ವಾಹಕರೇ ಹೋಗಿ ಬದಲಿಸಬೇಕು. ಬದಲಿಸಲು ಅವರಿಗೆ ಪುರುಸೊತ್ತು ಬೇಕು.

ಪುರುಸೊತ್ತು ಎಂದರೆ ಹಣವೇ. ಬೆಂಗಳೂರಿನ ಹೊರವರ್ತುಲ ರಸ್ತೆಯುದ್ದಕ್ಕೂ ಗಾಜಿನ ಕಟ್ಟಡಗಳಲ್ಲಿ ಕುಳಿತಿರುವ ಕಂಪನಿಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಸದ ಕಂಪನಿ ಇರಲಾರದು. ತಮ್ಮ ಉದ್ಯೋಗಿಗಳು ಹೊಸ ಕೋಡು ಬರೆದು ಕೊಡುಗೆ ನೀಡಿದರೆ ಅವು ಹೆಮ್ಮೆಯಿಂದ ಪ್ರಕಟಣೆ ಹೊರಡಿಸುತ್ತವೆ. ಇನ್ನೊಬ್ಬರ ಕೋರಿಕೆಯನ್ನು ಓದಿ ಸಮ್ಮತಿಸುವ, ಹಳೆಯ ಶಾಖೆಗಳನ್ನು ಗುಡಿಸುವ, ಅನುಮತಿಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸುವ ಕೆಲಸವನ್ನು ಮಾತ್ರ ಯಾವ ವಾರ್ಷಿಕ ಮೌಲ್ಯಮಾಪನದಲ್ಲೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ. ವಾರಕ್ಕೆ ಎರಡು ಗಂಟೆ, ಸಂಬಳದ ವೇಳೆಯಲ್ಲೇ, ಈ ಕೆಲಸಕ್ಕೆಂದು ಬಿಟ್ಟುಕೊಡಲು ಸಿದ್ಧವಿರುವ ಒಂದೆರಡು ಕಂಪನಿಗಳು ಮುಂದೆ ಬಂದರೆ, ಆರಂಭಿಸಬೇಕಾದ ಯೋಜನೆಗಳ ಪಟ್ಟಿಯನ್ನು ಅವರ ಇಂಜಿನಿಯರುಗಳೇ ಅರ್ಧ ಗಂಟೆಯಲ್ಲಿ ತಯಾರಿಸಿಕೊಡಬಲ್ಲರು. ಅವರು ನಿತ್ಯ ಬಳಸುವ ತಂತ್ರಾಂಶಗಳ ಪಟ್ಟಿಯೇ ಅದು.